ಬೆಟ್ಟಕ್ಕೆ ಬಂದರು, ಊರಿಗೆ ಬರಲಿಲ್ಲ

1997ರಲ್ಲಿ ಕರ್ನಾಟಕದ ಭೂಪಟದಲ್ಲಿ ಒಂದೇ ಸಲಕ್ಕೆ ಏಳು ಹೊಸ ಜಿಲ್ಲೆಗಳು ಮೂಡಿದವು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಕೊನೆಗೆ ಚಾಮರಾಜನಗರ. ಹೊಸ ಜಿಲ್ಲೆಯ ಉದ್ಘಾಟನೆ ಅಂದರೆ ಜಿಲ್ಲಾ ಕೇಂದ್ರದ ಮೈದಾನದಲ್ಲಿ ಪೆಂಡಾಲು, ಬಾಳೆಕಂಬ, ಓಲಗ, ಹಾರ ತುರಾಯಿ. ಚಾಮರಾಜನಗರದ ವಿಷಯದಲ್ಲಿ ಮಾತ್ರ ಓಲಗ ಬೇರೆ ಕಡೆ ಊದಿತು. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಹೊಸ ಜಿಲ್ಲೆಯನ್ನು ಉದ್ಘಾಟಿಸಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ. ಜಿಲ್ಲಾ ಕೇಂದ್ರದಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಕೊಳ್ಳೇಗಾಲ ದಾಟಿ, ಹನೂರು ದಾಟಿ, ತಿರುವುಗಳ ಮೇಲೆ ತಿರುವು ಹತ್ತಬೇಕು. ಹುಟ್ಟಿದ ಮನೆ ಬಿಟ್ಟು ಕಾಡಿನ ನಡುವೆ ತೊಟ್ಟಿಲು ಕಟ್ಟಿ ನಾಮಕರಣ ಮಾಡಿದ ಹಾಗೆ.

ಕಾರಣ ಎಲ್ಲರಿಗೂ ಗೊತ್ತಿತ್ತು. ಸರ್ಕಾರಿ ಕಡತದಲ್ಲಿ ಬರೆಯುವಂಥದ್ದಲ್ಲ, ಅಷ್ಟೆ. ಮುಖ್ಯಮಂತ್ರಿಯಾದವನು ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟರೆ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ನಂಬಿಕೆ ಅಷ್ಟು ಹೊತ್ತಿಗೆ ರಾಜ್ಯದ ರಾಜಕಾರಣದಲ್ಲಿ ಗಟ್ಟಿಯಾಗಿ ಬೇರೂರಿತ್ತು. ತಮಾಷೆ ಇರುವುದು ಅಲ್ಲೇ. ಕರ್ನಾಟಕ ಕಂಡ ಮುಖ್ಯಮಂತ್ರಿಗಳಲ್ಲೆಲ್ಲ ಮಾತಿನ ಮೊನಚಿಗೆ, ಹಾಸ್ಯಕ್ಕೆ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಧೈರ್ಯಕ್ಕೆ ಹೆಸರಾಗಿದ್ದವರು ಪಟೇಲರು. ಯಾವ ಸಭೆಯಲ್ಲಿ ಯಾರ ಕಾಲನ್ನಾದರೂ ಎಳೆಯಬಲ್ಲವರು, ಈ ಒಂದು ಊರಿನ ಹೊಸ್ತಿಲಲ್ಲಿ ತಮ್ಮ ಕಾಲನ್ನೇ ಹಿಂದೆಗೆದರು.

ಊರು ಮಾಡಿದ ಅಪರಾಧವಾದರೂ ಏನು? ಹಿಂದೆ ಅರಿಕುಠಾರ ಎನಿಸಿಕೊಂಡಿದ್ದ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಜಾಗವೆಂದು ಹೊಸ ಹೆಸರಿಟ್ಟರು. ರಾಜ ಹುಟ್ಟಿದ ಊರು ಪ್ರಜಾಪ್ರಭುತ್ವದಲ್ಲಿ ಮುಖ್ಯಮಂತ್ರಿಗಳನ್ನು ನುಂಗುವ ಊರಾಯಿತು. ಆಪಾದನೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರುವ ಹೆಸರುಗಳು ದೇವರಾಜ ಅರಸು, ಆರ್. ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ. ಇವರೆಲ್ಲ ಬಂದು ಹೋದ ಮೇಲೆ ಅಧಿಕಾರ ಕಳೆದುಕೊಂಡರು ಎಂಬುದು ದೂರು.

ದೂರನ್ನು ಒಮ್ಮೆ ತನಿಖೆಗೆ ಒಡ್ಡಿ ನೋಡಬಹುದು. ಅರಸು ಇಂದಿರಾ ಗಾಂಧಿಯವರ ಜೊತೆ ಮುರಿದುಕೊಂಡರು. 1980ರಲ್ಲಿ ಇಂದಿರಾ ದೆಹಲಿಗೆ ಮರಳಿದರು, ಇಲ್ಲಿ ಅರಸರ ಬೆಂಬಲಿಗರು ಕರಗಿದರು. ಗುಂಡೂರಾವ್ ಅವರನ್ನು 1983ರ ಚುನಾವಣೆಯಲ್ಲಿ ಜನ ಸೋಲಿಸಿದರು; ರೈತ ಚಳವಳಿ, ಗೋಕಾಕ್ ಚಳವಳಿ ಎರಡೂ ಅವರ ಕಾಲದಲ್ಲೇ ಎದ್ದವು. ಹೆಗಡೆಯವರು 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಹಗರಣದಿಂದ ಇಳಿದರು. ಬೊಮ್ಮಾಯಿಯವರನ್ನು 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ಬಹುಮತ ಸಾಬೀತುಪಡಿಸುವ ಅವಕಾಶವನ್ನೇ ಕೊಡದೆ ಮನೆಗೆ ಕಳಿಸಿದರು. ವೀರೇಂದ್ರ ಪಾಟೀಲರ ಭವಿಷ್ಯವನ್ನು 1990ರಲ್ಲಿ ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲಿ ನಿಂತೇ ಹೇಳಿಬಿಟ್ಟರು. ಒಂದರಲ್ಲೂ ಚಾಮರಾಜನಗರದ ಕೈವಾಡ ಕಾಣುವುದಿಲ್ಲ. ಬೊಮ್ಮಾಯಿ ಪ್ರಕರಣವಂತೂ ಸುಪ್ರೀಂ ಕೋರ್ಟಿಗೆ ಹೋಗಿ, 1994ರಲ್ಲಿ ರಾಜ್ಯ ಸರ್ಕಾರಗಳನ್ನು ಮನಬಂದಂತೆ ವಜಾ ಮಾಡುವುದಕ್ಕೆ ಕಡಿವಾಣ ಹಾಕಿದ ತೀರ್ಪಾಗಿ ಬಂತು. ಆ ಪುಣ್ಯದಲ್ಲಿ ಮಾತ್ರ ಈ ಊರಿಗೆ ಯಾರೂ ಪಾಲು ಕೊಡಲಿಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಅದೇ ಕಥೆ. ಕಾಗೆಯ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ, ನಿಜವಾದ ಕಾಗೆಯೇ.

ಪಟೇಲರು ಎಲ್ಲಿಂದ ಬಂದವರು ಎಂಬುದನ್ನು ಮರೆತರೆ ಬೆಟ್ಟದ ಮೇಲಿನ ಆ ಉದ್ಘಾಟನೆಯ ವಿಚಿತ್ರ ಪೂರ್ತಿ ತಿಳಿಯುವುದಿಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಇವರು ಲೋಹಿಯಾ ಗರಡಿಯ ಸಮಾಜವಾದಿ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ, ಅಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು. ಸ್ಪೀಕರ್ ನೀಲಂ ಸಂಜೀವ ರೆಡ್ಡಿ ಅವಕಾಶ ಕೊಟ್ಟರು. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡರು. ಆ ಗರಡಿಯಲ್ಲಿ ಸರ್ಕಾರವನ್ನು ನಗೆಪಾಟಲು ಮಾಡುವುದು ಒಂದು ಹವ್ಯಾಸವಾಗಿರಲಿಲ್ಲ. ಕುಸ್ತಿಯ ಪಟ್ಟಿನ ಹಾಗೆ ಕಲಿತು ಹಾಕುವ ವಿದ್ಯೆಯಾಗಿತ್ತು.

ಆ ವಿದ್ಯೆಯ ಗುರು ರಾಮಮನೋಹರ ಲೋಹಿಯಾ. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ಸಾಗರದಲ್ಲಿ ಬಂಧನಕ್ಕೊಳಗಾದ ಲೋಹಿಯಾ, 1963ರಲ್ಲಿ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು. ಆಗಸ್ಟ್‌ನಲ್ಲಿ ನೆಹರೂ ಸರ್ಕಾರದ ಮೇಲೆ ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯ ಚರ್ಚೆಗೆ ಬಂದಾಗ ಅವರು ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟರು. ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಾರೆ; ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತದೆ. ಮೂರಲ್ಲ, ಹದಿನೈದು ಆಣೆ ಎಂದು ಸರ್ಕಾರ ವಾದಿಸಿತು. ವಾದಿಸಿದ್ದೇ ಸೋಲು. ಹದಿನೈದು ಆಣೆಯೇ ಇರಲಿ, ಅದನ್ನೊಂದು ಸಾಧನೆ ಎಂಬಂತೆ ಸದನದಲ್ಲಿ ಹೇಳಿಕೊಳ್ಳಬೇಕಾಗಿ ಬಂದದ್ದು ಯಾವ ಕುಹಕಕ್ಕಿಂತಲೂ ಚುರುಕಾಗಿ ಕುಟುಕಿತು.

ಅಮೆರಿಕದಲ್ಲಿ ಇದೇ ಕೆಲಸಕ್ಕೆ ಒಬ್ಬ ಸೆನೆಟರ್ ಪ್ರಶಸ್ತಿಯನ್ನೇ ಹುಟ್ಟುಹಾಕಿದ. ವಿಸ್ಕಾನ್ಸಿನ್‌ನ ವಿಲಿಯಂ ಪ್ರಾಕ್ಸ್‌ಮೈರ್ 1975ರಿಂದ 1988ರವರೆಗೆ ಸರ್ಕಾರಿ ದುಂದಿಗೆ ‘ಚಿನ್ನದ ಉಣ್ಣೆ’ ಪ್ರಶಸ್ತಿ ಘೋಷಿಸುತ್ತಿದ್ದ. ಮೊದಲ ಪ್ರಶಸ್ತಿ ಹೋದದ್ದು, ಜನ ಯಾಕೆ ಪ್ರೀತಿಯಲ್ಲಿ ಬೀಳುತ್ತಾರೆ ಎಂಬ ಅಧ್ಯಯನಕ್ಕೆ 84,000 ಡಾಲರ್ ಕೊಟ್ಟ ವಿಜ್ಞಾನ ಸಂಸ್ಥೆಗೆ. ಜನ ಬಿದ್ದು ಬಿದ್ದು ನಕ್ಕರು. ಆದರೆ ಆತನ ಗೇಲಿಗೆ ಸಿಕ್ಕ ವಿಜ್ಞಾನಿಯೊಬ್ಬ ಮಾನನಷ್ಟದ ದಾವೆ ಹೂಡಿದ. ಸದನದ ಹೊರಗೆ ಹಂಚುವ ಪತ್ರಿಕೆಗಳಿಗೆ ಸದನದೊಳಗಿನ ರಕ್ಷಣೆ ಇಲ್ಲವೆಂದು 1979ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಲೋಹಿಯಾ ಪ್ರಧಾನಿಯ ಎದುರು ನಿಂತು ಲೆಕ್ಕ ಕೇಳಿದರು, ಪ್ರಾಕ್ಸ್‌ಮೈರ್ ಎಷ್ಟೋ ಸಲ ಪ್ರಯೋಗಾಲಯದ ಬಡಪಾಯಿಯನ್ನು ಹಿಡಿದ. ಎರಡೂ ನಗುವೇ. ಗುರಿ ಮಾತ್ರ ಬೇರೆ.

ಈ ವಿದ್ಯೆಗೆ ಬೆಟ್ಟದ ಸೀಮೆಯಲ್ಲಿ ಲೋಹಿಯಾ ಬರುವವರೆಗೂ ಕಾಯಬೇಕಾಗಿರಲಿಲ್ಲ. ಇಲ್ಲಿ ದೊಡ್ಡವರನ್ನು ಗೇಲಿ ಮಾಡುವುದು ದೇವರೇ ಹಾಕಿಕೊಟ್ಟ ದಾರಿ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಕಥೆಯಲ್ಲಿ ಮಾದಪ್ಪ, ಅಂದರೆ ಬೆಟ್ಟದ ಮಹದೇಶ್ವರ, ದೇವಾನುದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟು ಜೀತ ಮಾಡಿಸುತ್ತಿದ್ದ ಶ್ರವಣ ದೊರೆಯ ಮುಂದೆ ಹೋಗುವುದು ಸೈನ್ಯ ಕಟ್ಟಿಕೊಂಡಲ್ಲ. ಅವನ ಕಾಲಿಗೆ ಮೆಟ್ಟು ಮಾಡಿಸಿಕೊಟ್ಟು, ಆ ಮೆಟ್ಟಿನಲ್ಲೇ ಅವನ ಸೊಕ್ಕು ಮುರಿಯುತ್ತಾನೆ. ಕೊಳ್ಳೇಗಾಲದ ಚಿಕ್ಕಲ್ಲೂರು ಜಾತ್ರೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಇನ್ನೂ ಕಿಲಾಡಿ. ಕಲ್ಯಾಣದ ಬಾಗಿಲಿಗೆ ಹೇಸಿಗೆ ಹುಟ್ಟಿಸುವ ವೇಷದಲ್ಲಿ ಬಂದು ಬೀಳುತ್ತಾನೆ. ವಿಭೂತಿ ಬಳಿದುಕೊಂಡ ಡಾಂಭಿಕರೆಲ್ಲ ಮೂಗು ಮುಚ್ಚಿ ಓಡುತ್ತಾರೆ, ನಿಜವಾದ ಶರಣ ಯಾರೆಂದು ಬಯಲಾಗುತ್ತದೆ. ಇಂಥ ಕಥೆ ಕೇಳಿ ಬೆಳೆದ ಜನಕ್ಕೆ ದೊರೆ ಎಂಬ ಪದ ಕೇಳಿದಾಗಲೇ ತುಟಿಯಂಚಿನಲ್ಲಿ ನಗು ಬಂದಿದ್ದರೆ ಆಶ್ಚರ್ಯವಿಲ್ಲ.

ದೊರೆಗಳನ್ನೂ ಅವರು ಬಗೆಬಗೆಯಾಗಿ ಕಂಡಿದ್ದರು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋದ ಸೀಮೆ. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿತು. ಮಾದಪ್ಪನೂ ಅದರ ಜೊತೆಯಲ್ಲೇ ಮದರಾಸಿನಿಂದ ಮೈಸೂರಿಗೆ ಬಂದ. ಅರ್ಜಿ ಹಿಡಿದು ಹಿಂದೆ ಕೊಯಮತ್ತೂರಿನತ್ತ, ಆಮೇಲೆ ಮೈಸೂರಿನತ್ತ, 1997ರ ನಂತರ ಚಾಮರಾಜನಗರದತ್ತ ಮುಖ ಮಾಡಿದವರು ಮಾತ್ರ ಅದೇ ಜನ. ಹನೂರು ಪ್ರತ್ಯೇಕ ತಾಲ್ಲೂಕು ಎಂದು ಬಜೆಟ್ಟಿನಲ್ಲಿ ಘೋಷಣೆಯಾದದ್ದು 2013ರಲ್ಲಿ. ಅದು ಕಾರ್ಯರೂಪಕ್ಕೆ ಬರಲು 2018 ಬರಬೇಕಾಯಿತು.

ಈ ಜಿಲ್ಲೆಯ ರಾಜಕಾರಣದಲ್ಲಿ ಹಾಸ್ಯವನ್ನು ಮಾತಿನಿಂದ ಬೀದಿಗೆ ತಂದವರು ವಾಟಾಳ್ ನಾಗರಾಜ್. ಕಪ್ಪು ಕನ್ನಡಕ, ತುಪ್ಪಳದ ಟೋಪಿ. ಹುಟ್ಟಿದ್ದು ತಿ. ನರಸೀಪುರ ತಾಲ್ಲೂಕಿನ ವಾಟಾಳಿನಲ್ಲಿ, 1967ರಲ್ಲಿ ಮೊದಲು ಗೆದ್ದದ್ದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ; ಆಮೇಲೆ 1989, 1994, 2004ರಲ್ಲಿ ಅವರನ್ನು ವಿಧಾನಸಭೆಗೆ ಕಳಿಸಿದ್ದು ಚಾಮರಾಜನಗರ. ಮುಖ್ಯಮಂತ್ರಿಗಳು ಹೆದರಿ ಬಾರದ ಊರು, ಯಾವ ಮುಖ್ಯಮಂತ್ರಿಗೂ ಹೆದರದ ಮನುಷ್ಯನನ್ನು ಆರಿಸಿತು. ಕತ್ತೆ, ಎಮ್ಮೆ, ಕುದುರೆ, ಎತ್ತಿನಗಾಡಿ, ಖಾಲಿ ಕೊಡ, ಉರುಳು ಸೇವೆ: ವಾಟಾಳರ ಚಳವಳಿಯಲ್ಲಿ ಪಾತ್ರ ವಹಿಸದ ಪ್ರಾಣಿ ಪಾತ್ರೆಗಳು ಕಡಿಮೆ. ಬೆಲೆ ಏರಿದರೆ ಗಾಡಿ ಹತ್ತಿದರು, ಸರ್ಕಾರ ಮಲಗಿದರೆ ತಾವೂ ರಸ್ತೆಯಲ್ಲಿ ಮಲಗಿದರು. ನೂರು ಜನ ಸೇರದಿದ್ದರೂ ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುತ್ತಿತ್ತು. ಅದು ನಾಟಕ ಎಂದು ಮೂಗು ಮುರಿದವರಿಗೆ ಲೆಕ್ಕವಿಲ್ಲ. ನಾಟಕವೇ ಹೌದು. ಆದರೆ ಮನವಿಪತ್ರ ಕೊಟ್ಟು ಸ್ವೀಕೃತಿ ಪಡೆದು ಮನೆಗೆ ಹೋಗುವ ಪ್ರತಿಭಟನೆ ಯಾವ ಸರ್ಕಾರವನ್ನೂ ಕೆಣಕಿದ್ದಿಲ್ಲ. ಕತ್ತೆಯ ಮೆರವಣಿಗೆ ಹೊರಟರೆ, ಆ ಕತ್ತೆ ಯಾರನ್ನು ಸೂಚಿಸುತ್ತದೆ ಎಂದು ಮಂತ್ರಿಗಳೇ ತಲೆ ಕೆಡಿಸಿಕೊಳ್ಳಬೇಕಾಗುತ್ತಿತ್ತು. ಇದರ ದೌರ್ಬಲ್ಯ ಬೇರೆ ಕಡೆ ಇದೆ: ಪ್ರತಿ ವಾರ ಕತ್ತೆ ಬಂದರೆ ಜನ ಕತ್ತೆಯನ್ನಷ್ಟೇ ನೋಡುತ್ತಾರೆ. ಬೇಡಿಕೆ ಏನಿತ್ತು ಎಂಬುದು ಸಂಜೆಗೆ ಮರೆತಿರುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೆರಗಿನ ಹೊಂಡರಬಾಳಿನಲ್ಲಿ ಇನ್ನೊಬ್ಬ ಲೋಹಿಯಾವಾದಿಯ ಗುರುತಿದೆ, ಅಮೃತಭೂಮಿ. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ಕನಸಿನ ಕೃಷಿ ಕೇಂದ್ರ ಅದು. ಕಾನೂನು ಕಲಿಸುತ್ತಿದ್ದ ಈ ಮೇಷ್ಟ್ರು 1980ರಲ್ಲಿ ಕಟ್ಟಿದ ರೈತ ಸಂಘ, ಸರ್ಕಾರದ ಭಾಷೆಯನ್ನೇ ಸರ್ಕಾರಕ್ಕೆ ತಿರುಗಿಸಿತು. ಸಾಲ ವಸೂಲಿಗೆ ಬಂದವರು ರೈತನ ಮನೆಯ ಸಾಮಾನು ಜಪ್ತಿ ಮಾಡುತ್ತಿದ್ದರು. ರೈತರು ಹೋಗಿ ಅದನ್ನು ‘ಮರುಜಪ್ತಿ’ ಮಾಡಿಕೊಂಡು ಬಂದರು. ಕಚೇರಿಗಳಲ್ಲಿ ‘ಅಪ್ಪಣೆಯಿಲ್ಲದೆ ಒಳಗೆ ಬರಕೂಡದು’ ಎಂಬ ಹಲಗೆ ನೇತಾಡುತ್ತದಲ್ಲ, ಅದೇ ಧಾಟಿಯ ಹಲಗೆ ಹಳ್ಳಿಗಳ ಬಾಗಿಲಲ್ಲಿ ಅಧಿಕಾರಿಗಳಿಗಾಗಿ ನೇತಾಡಿತು. ಇನ್ನೊಂದು ಸಲ ರೈತರು ರಾಜಧಾನಿಗೆ ಬಂದು, ಸರ್ಕಾರದ ಮುಂದೆ ಕೂತು ಬರೀ ನಕ್ಕರು. ಘೋಷಣೆ ಕೂಗಿದರೆ ಲಾಠಿ ಬೀಸಬಹುದು, ಕಲ್ಲೆಸೆದರೆ ಗುಂಡು ಹಾರಿಸಬಹುದು. ಸಾವಿರಾರು ಜನ ಪಂಚೆ ಸರಿಮಾಡಿಕೊಂಡು ಕೂತು ನಗುತ್ತಿದ್ದರೆ ಯಾವ ಕಲಮಿನಡಿ ಕೇಸು ಹಾಕುವುದು? ಪ್ರೊಫೆಸರ್ 1989ರಲ್ಲಿ ಶಾಸಕರೂ ಆದರು. ಆದರೆ ಅವರ ನಗೆ ಸದನದ ಒಳಗಿಗಿಂತ ಹೊರಗೇ ಹೆಚ್ಚು ಮೊಳಗಿತು ಅನ್ನಬೇಕು.

ನಗಲು ವಿಧಾನಸೌಧವೇನು ಕಡಿಮೆ ಸರಕು ಒದಗಿಸಿಲ್ಲ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಆ ಭವ್ಯ ಕಟ್ಟಡ ಮುಗಿದದ್ದು 1956ರಲ್ಲಿ. ಅತಿ ಖರ್ಚಿನ ಆರೋಪ ಹೊತ್ತ ಅವರು ಅದೇ ವರ್ಷ ಅವಿಶ್ವಾಸದಿಂದ ಕುರ್ಚಿ ಬಿಟ್ಟರು. ಅವರೂ ಚಾಮರಾಜನಗರಕ್ಕೆ ಹೋಗಿದ್ದರೇ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಆಗ ಆ ನಂಬಿಕೆಯೇ ಹುಟ್ಟಿರಲಿಲ್ಲ. ಕಟ್ಟಡದ ಹಣೆಯ ಮೇಲೆ ಬರೆಸಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತು ಅಂದಿನಿಂದ ಇಂದಿನವರೆಗೆ ವಿರೋಧ ಪಕ್ಷದವರಿಗೆ ಪುಕ್ಕಟೆ ಸಿಕ್ಕ ಹಾಸ್ಯಚಟಾಕಿ. ದೇವರ ಕೆಲಸ, ಅದಕ್ಕೇ ದೇವರೇ ಬಂದು ಮಾಡಲಿ ಎಂದು ಕಾಯುತ್ತಿದ್ದಾರೆ ಎಂಬ ಮಾತನ್ನು ಕೇಳದ ತಾಲ್ಲೂಕು ಕಚೇರಿ ಇರಲಾರದು.

ಪಟೇಲರ ಹತ್ತಿರ ಮರಳೋಣ. 1996ರ ಮೇ 31ರಿಂದ 1999ರ ಅಕ್ಟೋಬರ್‌ವರೆಗೆ ಮುಖ್ಯಮಂತ್ರಿಯಾಗಿದ್ದ ಅವರ ಹಾಸ್ಯದ ಕಥೆಗಳು ಇಂದಿಗೂ ಪತ್ರಕರ್ತರ ಬಾಯಲ್ಲಿವೆ. ಸದನದಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ ಮನುಷ್ಯ ಸರಿಯಾದ ಗಳಿಗೆಗೆ ಒಂದು ಮಾತು ಎಸೆದು ಎದುರಾಳಿಯನ್ನೂ ನಗಿಸಿ ಕೂರಿಸಿಬಿಡುತ್ತಿದ್ದರು. ತಮ್ಮ ಖಾಸಗಿ ದೌರ್ಬಲ್ಯಗಳನ್ನು ತಾವೇ ಒಪ್ಪಿಕೊಂಡು, ಅವನ್ನು ಬಯಲು ಮಾಡುವ ಕೆಲಸವನ್ನು ವಿರೋಧಿಗಳ ಕೈಯಿಂದ ಕಿತ್ತುಕೊಂಡರು. ಎಲ್ಲರೂ ಮೆಚ್ಚುವ ಈ ಗುಣವನ್ನು ಸ್ವಲ್ಪ ಅನುಮಾನದಿಂದಲೂ ನೋಡಬೇಕು. ವಿರೋಧ ಪಕ್ಷದ ಬೆಂಚಿನಲ್ಲಿ ಈಟಿಯಾಗಿದ್ದ ಹಾಸ್ಯ, ಆಡಳಿತದ ಕುರ್ಚಿಯಲ್ಲಿ ಕೊಡೆಯಾಯಿತು. ಕೆಲಸ ಯಾಕಾಗಿಲ್ಲ ಎಂದು ಕೇಳಿದವನಿಗೆ ನಗು ಸಿಕ್ಕಿತು, ಉತ್ತರ ಸಿಗಲಿಲ್ಲ. ಲೋಹಿಯಾ ಶಿಷ್ಯನೊಬ್ಬ ಚಾಮರಾಜನಗರದ ಚೌಕದಲ್ಲಿ ನಿಂತು, ‘ನೋಡಿ, ಬಂದಿದ್ದೇನೆ, ಕುರ್ಚಿ ಏನಾಗುತ್ತದೋ ನೋಡೋಣ’ ಎಂದು ನಕ್ಕುಬಿಟ್ಟಿದ್ದರೆ ಅದು ಅವರ ಬದುಕಿನ ಅತಿ ದೊಡ್ಡ ಹಾಸ್ಯವಾಗುತ್ತಿತ್ತು. ಅದೊಂದನ್ನು ಅವರು ಮಾಡಲಿಲ್ಲ. ಊರಿಗೆ ಬಾರದೆಯೂ 1999ರಲ್ಲಿ ಕುರ್ಚಿ ಹೋಯಿತು.

ಹೋಗುವುದೇ. ಪಟ್ಟಣವನ್ನು ತಪ್ಪಿಸಿ ನಡೆದ ಎಸ್.ಎಂ. ಕೃಷ್ಣ 2004ರಲ್ಲಿ ಇಳಿದರು. ಧರ್ಮಸಿಂಗ್ ಎರಡು ವರ್ಷವೂ ತುಂಬದೆ ಇಳಿದರು. ಬಿ.ಎಸ್. ಯಡಿಯೂರಪ್ಪನವರು ಊರಿಗೆ ಬಾರದೆ 2011ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಇಳಿದರು. 2020ರಲ್ಲಿ ಮಾದಪ್ಪನ ಬೆಟ್ಟಕ್ಕೆ ಬಂದರು, ಪಟ್ಟಣದ ಕಡೆ ಗಾಡಿ ತಿರುಗಿಸಲಿಲ್ಲ. ನಡುವೆ ಬಂದು ನೋಡಿದವರು ಇಬ್ಬರು: 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ, 2013ರಲ್ಲಿ ಜಗದೀಶ ಶೆಟ್ಟರ್. ಅವರೂ ಅದೇ ವರ್ಷ ಇಳಿದರು, ಒಬ್ಬರು ಇಪ್ಪತ್ತು ತಿಂಗಳ ಒಪ್ಪಂದ ಮುರಿದು, ಇನ್ನೊಬ್ಬರು ಚುನಾವಣೆಯಲ್ಲಿ ಸೋತು. ಬಂದವರ, ಬಾರದವರ ಎರಡೂ ಪಟ್ಟಿ ಮುಂದಿಟ್ಟರೆ, ಇಳಿಯದವರು ಯಾವುದರಲ್ಲೂ ಇಲ್ಲ ಎಂದು ಶಾಲೆ ಮಗುವೂ ಹೇಳಬಲ್ಲದು. ಕುಣಿಯಲಾರದವರು ನೆಲ ಡೊಂಕು ಅಂದರು. ಆ ನೆಲದ ಹೆಸರು ಚಾಮರಾಜನಗರ.

2013ರಲ್ಲಿ ಬಂದರು ಸಿದ್ದರಾಮಯ್ಯ. ಮೈಸೂರು ಸೀಮೆಯ ಹಳ್ಳಿ ಮಾತಿನ, ಅದೇ ಸಮಾಜವಾದಿ ಗರಡಿಯ ವಕೀಲ. ಮುಖ್ಯಮಂತ್ರಿಯಾದ ವರ್ಷವೇ ಪಟ್ಟಣಕ್ಕೆ ಬಂದು, ಮತ್ತೆ ಮತ್ತೆ ಬಂದು, ಬಂದಷ್ಟೂ ತಮ್ಮ ಕುರ್ಚಿ ಗಟ್ಟಿಯಾಗುತ್ತಿದೆ ಎಂದು ವೇದಿಕೆಯಲ್ಲೇ ಹೇಳಿ ಜನರನ್ನು ನಗಿಸಿದರು. ಅರಸರ ನಂತರ ಐದು ವರ್ಷ ಪೂರೈಸಿದ ಮೊದಲ ಮುಖ್ಯಮಂತ್ರಿ ಅವರೇ ಆದದ್ದು, ಆ ಹಾಸ್ಯಕ್ಕೆ ಕಾಲವೇ ಹಾಕಿದ ಮುದ್ರೆ. ಮೂರು ದಶಕ ಯಾರೂ ಕೆಡವದ ಅಸಂಬದ್ಧವನ್ನು ಒಂದು ನಗೆಮಾತಿನಿಂದ ಕೆಡವಬಹುದಿತ್ತು, ಅಷ್ಟು ಸುಲಭವಿತ್ತು.

ಆದರೆ ನಗುವವರ ಸರದಿಯೂ ಬದಲಾಗುತ್ತದೆ. 2016ರ ಜೂನ್‌ನಲ್ಲಿ ಅವರ ಸರ್ಕಾರಿ ಕಾರಿನ ಮೇಲೊಂದು ಕಾಗೆ ಬಂದು ಕೂತಿತು. ಓಡಿಸಿದರೂ ಕದಲಲಿಲ್ಲ. ಸುದ್ದಿವಾಹಿನಿಗಳು ಜ್ಯೋತಿಷಿಗಳನ್ನು ಕೂರಿಸಿಕೊಂಡು ದಿನಗಟ್ಟಲೆ ಕಾಗೆಯನ್ನು ಹಾರಿಸಿದವು. ಸ್ವಲ್ಪ ದಿನಕ್ಕೆ ಮುಖ್ಯಮಂತ್ರಿಗೆ ಹೊಸ ಕಾರು ಬಂತು. ಹಳೆಯದು ಸಾಕಷ್ಟು ಓಡಿತ್ತು, ಕಾಗೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವರ ಕಡೆಯವರು ಹೇಳಿದರು. ನಿಜವೇ ಇರಬಹುದು. ಮೂಢನಂಬಿಕೆ ವಿರೋಧಿ ಮಸೂದೆ ತರಲು ಹೊರಟ ಸರ್ಕಾರಕ್ಕೆ ಕಾಗೆಯ ಕಾರಣದಿಂದ ಲಕ್ಷಾಂತರ ರೂಪಾಯಿಯ ಕಾರು ಎಂಬ ಆರೋಪ ಅಂಟಿಕೊಂಡದ್ದನ್ನು ವಿರೋಧ ಪಕ್ಷದವರು ಸುಮ್ಮನೆ ಬಿಡುತ್ತಾರೆಯೇ? ಮಸೂದೆ 2017ರ ಕೊನೆಯಲ್ಲಿ ಪಾಸಾಯಿತು.

ವಿರೋಧ ಪಕ್ಷದ ಬೆಂಚಿಗೆ ಬಂದ ಮೇಲೆ ಕಾಂಗ್ರೆಸ್ಸಿನ ಹಾಸ್ಯ ಮತ್ತೆ ಚುರುಕಾಯಿತು. 2022ರ ಸೆಪ್ಟೆಂಬರ್‌ನ ಒಂದು ಬೆಳಗ್ಗೆ ಬೆಂಗಳೂರಿನ ಗೋಡೆಗಳ ಮೇಲೆ, ಅಂಗಡಿಯಲ್ಲಿ ಹಣ ಪಾವತಿಗೆ ಅಂಟಿಸುವ ಕ್ಯೂಆರ್ ಕೋಡಿನ ನಡುವೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖ ಕಾಣಿಸಿತು: ‘ಪೇಸಿಎಂ’. ಗುತ್ತಿಗೆದಾರರು ಎತ್ತಿದ್ದ ನಲವತ್ತು ಪರ್ಸೆಂಟ್ ಕಮಿಷನ್ ಆರೋಪಕ್ಕೆ ಅದಕ್ಕಿಂತ ಚೆನ್ನಾಗಿ ಮುಖ ಬರೆಯಲು ಸಾಧ್ಯವಿರಲಿಲ್ಲ. ಪೊಲೀಸರು ಪೋಸ್ಟರ್ ಅಂಟಿಸಿದವರನ್ನು ಹಿಡಿದರು, ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ತಾವೇ ಅಂಟು ಹಿಡಿದು ಬೀದಿಗಿಳಿದರು. ಬೊಮ್ಮಾಯಿಯವರ ತಂದೆಯ ಹೆಸರು ಸಂವಿಧಾನದ ಪಾಠದಲ್ಲಿ ಉಳಿದಿದ್ದರೆ, ಮಗನ ಹೆಸರು ಗೋಡೆಯ ಮೇಲೆ ಬಂತು.

2023ರ ಫೆಬ್ರವರಿ 17. ಬೊಮ್ಮಾಯಿಯವರ ಕೊನೆಯ ಬಜೆಟ್. ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ಶಾಸಕರು ಕಿವಿಗೆ ಹೂವು ಸಿಕ್ಕಿಸಿಕೊಂಡು ಸದನಕ್ಕೆ ಬಂದು ಕೂತರು. ಹಿಂದಿನ ಭರವಸೆಗಳು ಈಡೇರಿಲ್ಲ, ಜನರ ಕಿವಿಗೆ ಹೂವಿಡುತ್ತಿದ್ದೀರಿ ಎಂಬುದನ್ನು ಹೇಳಲು ಒಂದು ಪದವೂ ಬೇಕಾಗಲಿಲ್ಲ. ಆ ನುಡಿಗಟ್ಟು ಕನ್ನಡದ್ದು, ಅನುವಾದಿಸಿದರೆ ಬಾಡಿಹೋಗುತ್ತದೆ. ಗುಂಡ್ಲುಪೇಟೆಯ ಹೊಲಗಳಲ್ಲಿ ಎಕರೆಗಟ್ಟಲೆ ಚೆಂಡುಹೂ ಬೆಳೆಯುವ ಚಾಮರಾಜನಗರ ಜಿಲ್ಲೆಯವರಿಗೆ, ಹೂವು ಎಲ್ಲಿಂದ ಬರುತ್ತದೆ, ಯಾರ ಕಿವಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುವರ್ಷದ ಲೋಕಸಭಾ ಚುನಾವಣೆಗೆ ಹೂವಿನ ಜಾಗದಲ್ಲಿ ಚೊಂಬು ಬಂತು. ರಾಜ್ಯದ ತೆರಿಗೆ ಪಾಲಿಗೆ ಕೇಂದ್ರ ಕೊಟ್ಟದ್ದು ಬರೀ ಚೊಂಬು ಎಂದು ಈಗ ಆಡಳಿತದಲ್ಲಿದ್ದ ಕಾಂಗ್ರೆಸ್ ಪತ್ರಿಕೆಗಳಲ್ಲಿ ಖಾಲಿ ಚೊಂಬಿನ ಜಾಹೀರಾತು ಹಾಕಿತು, ನಾಯಕರು ಚೊಂಬು ಹಿಡಿದು ನಿಂತರು. ಚಿಕ್ಕಬಳ್ಳಾಪುರದ ಸಭೆಯಲ್ಲಿ ಎಚ್.ಡಿ. ದೇವೇಗೌಡರು ಆ ಚೊಂಬನ್ನು ಮೋದಿ ಅಕ್ಷಯಪಾತ್ರೆ ಮಾಡಿದ್ದಾರೆ ಎಂದು ತಿರುಗಿಸಿ ಹೊಡೆದರು. ಎರಡೂ ಕಡೆಯವರ ಕೈಗೆ ಸಿಕ್ಕು ಚೊಂಬು ಮಿರಮಿರ ಹೊಳೆಯಿತು. ಆಡಳಿತ ಪಕ್ಷವೇ ಇನ್ನೊಂದು ಸರ್ಕಾರದ ಮೇಲೆ ಹಾಸ್ಯ ಮಾಡುವ ಹೊಸ ಪದ್ಧತಿಯೂ ಹೀಗೆ ಬಂತು. ತನ್ನ ಕುರ್ಚಿ ಭದ್ರವಿಟ್ಟುಕೊಂಡು ದೆಹಲಿಯ ಕುರ್ಚಿಯನ್ನು ಅಲ್ಲಾಡಿಸುವುದು ಸುಲಭದ ಹಾಸ್ಯ.

ಇಷ್ಟೆಲ್ಲ ನಕ್ಕ ಮೇಲೂ ನಗು ಬಾರದ ಒಂದು ರಾತ್ರಿ ಈ ಜಿಲ್ಲೆಯ ಚರಿತ್ರೆಯಲ್ಲಿದೆ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಎಲ್ಲ ಸಾವಿಗೂ ಆಕ್ಸಿಜನ್ ಕಾರಣವಲ್ಲ ಎಂದು ಸರ್ಕಾರದ ಕಡೆಯವರು ಮೊದಲಿಗೆ ಸಂಖ್ಯೆಯಲ್ಲಿ ಚೌಕಾಸಿ ಮಾಡಿದರು. 1963ರಲ್ಲಿ ಮೂರಾಣೆಯೋ ಹದಿನೈದಾಣೆಯೋ ಎಂದು ನಡೆದ ಚೌಕಾಸಿ ಇಲ್ಲಿ ಹೆಣಗಳ ಲೆಕ್ಕಕ್ಕೆ ಬಂದು ನಿಂತಿತ್ತು. ವಿಚಾರಣಾ ಆಯೋಗ, ಹೈಕೋರ್ಟಿನ ಸಮಿತಿ ಎಲ್ಲ ಆಮೇಲೆ. ಮುಖ್ಯಮಂತ್ರಿ ಪಟ್ಟಣಕ್ಕೆ ಬರಲಿಲ್ಲ. ಮೂವತ್ತು ವರ್ಷ ಎಲ್ಲರೂ ನಗೆಚಾಟಿಕೆಯಾಗಿ ಹೇಳುತ್ತಿದ್ದ ಮಾತು, ಶವಾಗಾರದ ಮುಂದೆ ನಿಂತಿದ್ದ ಮನೆಯವರಿಗೆ ಹೇಗೆ ಕೇಳಿಸಿರಬೇಕು.

ಇನ್ನೊಂದು ಘಟನೆ ಮಾದಪ್ಪನ ಬೆಟ್ಟದ ಪಕ್ಕದ್ದೇ. ಇಂಡಿಗನತ್ತ ಎಂಬ ಕಾಡಂಚಿನ ಹಳ್ಳಿ, ಹನೂರು ತಾಲ್ಲೂಕು. ರಸ್ತೆಯಿಲ್ಲ, ಸರಿಯಾದ ಮೂಲಸೌಕರ್ಯವಿಲ್ಲ ಎಂದು ಊರವರು 2024ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದರು. ಏಪ್ರಿಲ್ 26ರ ಮತದಾನದ ದಿನ ಅಧಿಕಾರಿಗಳು ಮನವೊಲಿಸಲು ಹೋದರು. ಜಗಳ ಹತ್ತಿತು, ಮತಗಟ್ಟೆಯೊಳಗೆ ನುಗ್ಗಿ ಮತಯಂತ್ರವನ್ನೇ ಒಡೆದು ಹಾಕಿದರು. ಬೆಂಗಳೂರಿನಲ್ಲಿ ಹೂವು ಚೊಂಬು ಹಿಡಿದು ಸರ್ಕಾರಗಳನ್ನು ಹಂಗಿಸುವುದು ನಡೆದೇ ಇದ್ದಾಗ, ಕಂಸಾಳೆಯ ಸೀಮೆಯ ಈ ಜನಕ್ಕೆ ವ್ಯಂಗ್ಯ ಮಾಡುವಷ್ಟೂ ತಾಳ್ಮೆ ಉಳಿದಿರಲಿಲ್ಲ. ಆಮೇಲೆ ಪೊಲೀಸರು ಬಂದರು, ಕೇಸು ಬಿತ್ತು, ಗಂಡಸರು ಊರು ಬಿಟ್ಟರು. 29ರಂದು ಮರುಮತದಾನ ನಡೆಯಿತು.

ಅದಕ್ಕೆ ವರ್ಷ ತುಂಬಲು ಎರಡು ದಿನವಿತ್ತು. 2025ರ ಏಪ್ರಿಲ್ 24ರಂದು ಸಿದ್ದರಾಮಯ್ಯ ತಮ್ಮ ಇಡೀ ಸಂಪುಟವನ್ನು ಕಟ್ಟಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಬಂದು ಅಲ್ಲೇ ಸಭೆ ನಡೆಸಿದರು. ಮೈಸೂರು ವಿಭಾಗಕ್ಕೆ ಸಾವಿರಾರು ಕೋಟಿಯ ಯೋಜನೆಗಳಿಗೆ ಒಪ್ಪಿಗೆ ಬಿತ್ತು. ಪಟೇಲರು ಜಿಲ್ಲೆಯನ್ನು ಉದ್ಘಾಟಿಸಿದ ಅದೇ ಬೆಟ್ಟ, ಇಪ್ಪತ್ತೆಂಟು ವರ್ಷದ ಮೇಲೆ. ಸಚಿವರ ಕಾರುಗಳು ಸಾಲುಗಟ್ಟಿ ಹತ್ತಿದ ಆ ಬೆಟ್ಟದಿಂದ ಇಂಡಿಗನತ್ತ ಕೆಲವೇ ಕಿಲೋಮೀಟರ್ ದೂರದಲ್ಲಿದೆ.